ಛಾವಣಿಯ ಕಲ್ಲುಗಳಲ್ಲಿ ನಮ್ಮ ಹಿರಿಯರು ಯಾರೂ ಇಲ್ಲ

ಪಾರಂಪರಿಕ ಗ್ರಾಮಗಳ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆಯ ಛಾವಣಿಯ ಮೇಲಿರುವ ಅರವತ್ತಮೂರು ಕಲ್ಲುಗಳಲ್ಲಿ ನಮ್ಮ ಹಿರಿಯರು ಯಾರೂ ಇಲ್ಲ. ಒಬ್ಬರೂ ಇಲ್ಲ. ಇದ್ದಾರೆ ಎಂಬ ಕಥೆ ಕಟ್ಟಿದವಳು ನಾನು. ಆಗ ನನಗೆ ಹನ್ನೊಂದು ವರ್ಷ. ಎಂಟು ವರ್ಷಗಳಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈಗ ಹೊರಗೆ ಹಾಕುತ್ತಿರುವುದು ಪಶ್ಚಾತ್ತಾಪದಿಂದ ಎಂದು ತಿಳಿಯಬೇಡಿ. ನಮ್ಮ ಸೂರು ಸೋರುತ್ತಿದೆ, ಅದನ್ನು ಹೊತ್ತ ತೊಲೆ ಬಿರುಕು ಬಿಟ್ಟಿದೆ, ಆ ತೊಲೆಯ ಕೆಳಗೆ ನನ್ನ ಅಜ್ಜಿ ಮಲಗುತ್ತಾಳೆ. ಅದನ್ನು ಮುಟ್ಟಿ ಸರಿಪಡಿಸಬಾರದೆಂದು ತಾವು ಆದೇಶ ಹೊರಡಿಸಿದ್ದೀರಿ. ಆ ಆದೇಶಕ್ಕೆ ಇರುವ ಏಕೈಕ ಆಧಾರ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಒಂದು ನೀಲಿ ಟಾರ್ಚಿನ ಆಸೆಗೆ ಹೇಳಿದ ಸುಳ್ಳು.

ನಡೆದದ್ದು ಹೀಗೆ. ಆ ವರ್ಷ ನಮ್ಮೂರಿಗೆ ಅಗಲವಾದ ಟೋಪಿ ಹಾಕಿಕೊಂಡ ಒಬ್ಬ ಪ್ರವಾಸಿ ಹೆಂಗಸು ಬಂದಿದ್ದರು. ನಾವು ಮಕ್ಕಳು ಅವರನ್ನು ಟೋಪಿ ಅಕ್ಕ ಎಂದು ಕರೆಯುತ್ತಿದ್ದೆವು. ಮೂರು ದಿನ ನಮ್ಮ ಮನೆಯ ಎದುರಿನ ಗೋಡೆಯ ಮೇಲೆ ಕೂತು, ನಮ್ಮ ಛಾವಣಿಯನ್ನು ನೋಡುತ್ತಾ ನಿಟ್ಟುಸಿರು ಬಿಟ್ಟರು. ನಾಲ್ಕನೇ ದಿನ ನನ್ನನ್ನು ಹತ್ತಿರ ಕರೆದು, ಹಲಗೆಗಳ ಮೇಲೆ ಅಷ್ಟೊಂದು ಕಲ್ಲುಗಳನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದರು. ಗಾಳಿಗೆ ಹಲಗೆ ಹಾರಬಾರದು ಅಂತ, ಎಂದೆ. ಮೊದಲ ಉತ್ತರ ಸತ್ಯವಾಗಿತ್ತೆಂಬುದನ್ನು ದಯವಿಟ್ಟು ತಮ್ಮ ಕಡತದಲ್ಲಿ ನಮೂದಿಸಿಕೊಳ್ಳಿ. ಆದರೆ ಅದನ್ನು ಕೇಳಿದ ಟೋಪಿ ಅಕ್ಕನ ಮುಖ ಸಪ್ಪಗಾಯಿತು. ನೆಂಟರಿಗೆ ಚಹಾ ಕೊಟ್ಟು, ಸಕ್ಕರೆ ಮುಗಿದಿದೆ ಎಂದು ಹೇಳಿದಂತಾಯಿತು. 'ಅಷ್ಟೇನಾ?' ಎಂದರು. ಅವರ ಕೈಯಲ್ಲಿ ಬೆರಳುದ್ದದ ನೀಲಿ ಟಾರ್ಚು ಇತ್ತು. ಅದನ್ನು ಹತ್ತಿಸುತ್ತಾ ಆರಿಸುತ್ತಾ ನನ್ನನ್ನೇ ನೋಡುತ್ತಿದ್ದರು.

'ಒಂದೊಂದು ಕಲ್ಲೂ ನಮ್ಮ ಒಬ್ಬೊಬ್ಬ ಹಿರಿಯರು,' ಎಂದೆ. 'ಸತ್ತ ಮೇಲೂ ಮನೆ ಬಿಟ್ಟು ಹೋಗಲ್ಲ. ಮೇಲೆ ಕೂತು ಕಾಯ್ತಾ ಇರ್ತಾರೆ.'

ಅವರ ಕಣ್ಣಲ್ಲಿ ನೀರು ಬಂತು. ಟಾರ್ಚು ನನ್ನ ಕೈಗೆ ಬಂತು.

ಮುಂದಿನ ವರ್ಷ ಅದು ಯಾವುದೋ ಪತ್ರಿಕೆಯಲ್ಲಿ ನಮ್ಮ ಛಾವಣಿಯ ಚಿತ್ರದೊಂದಿಗೆ ಪ್ರಕಟವಾಯಿತು. ಅದರ ಮುಂದಿನ ವರ್ಷ ತಮ್ಮ ಕಚೇರಿಯ ಹೊಳಪು ಕಾಗದದ ಕೈಪಿಡಿಯಲ್ಲಿ ಬಂತು. ಅಲ್ಲಿ ಅದಕ್ಕೆ 'ಸಾವಿರ ವರ್ಷಗಳಿಂದ ಅವಿಚ್ಛಿನ್ನವಾಗಿ ನಡೆದು ಬಂದ ನಂಬಿಕೆ' ಎಂಬ ಹೆಸರು. ನನಗಾಗ ಹದಿಮೂರು ವರ್ಷ, ನನ್ನ ಸುಳ್ಳಿಗೆ ಸಾವಿರ. ಇಷ್ಟು ಬೇಗ ಬೆಳೆದ ಇನ್ನೊಂದು ವಸ್ತುವನ್ನು ನಮ್ಮ ಬೆಟ್ಟದಲ್ಲಿ ನಾನು ಕಂಡಿಲ್ಲ. ನಮ್ಮಲ್ಲಿ ಆಲೂಗಡ್ಡೆಯೂ ನಿಧಾನಕ್ಕೇ ಬೆಳೆಯುತ್ತದೆ.

ಆಮೇಲೆ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಆ ಸುಳ್ಳು ಪ್ರಶ್ನೆಪತ್ರಿಕೆಯಾಗಿ ನನ್ನ ಮೇಜಿನ ಮೇಲೆ ಬಂದು ಕೂತಿತು. 'ಬೆಟ್ಟದ ಜನರು ಛಾವಣಿಯ ಮೇಲೆ ಕಲ್ಲುಗಳನ್ನು ಇಡುವುದರ ಹಿನ್ನೆಲೆಯನ್ನು ವಿವರಿಸಿ. ಐದು ಅಂಕ.' ಟಾರ್ಚಿಗಾಗಿ ಒಮ್ಮೆ ಸುಳ್ಳು ಹೇಳಿದ್ದೆ, ನಿಜ. ಐದು ಅಂಕಕ್ಕಾಗಿ ಅದನ್ನೇ ಇನ್ನೊಮ್ಮೆ ಹೇಳಲು ಮನಸ್ಸು ಬರಲಿಲ್ಲ. ಗಾಳಿಗೆ ಹಲಗೆ ಹಾರದಿರಲೆಂದು ಇಡುತ್ತಾರೆ ಎಂದು ಒಂದೇ ಸಾಲು ಬರೆದೆ. ಸೊನ್ನೆ ಬಂತು. ಕೇಳಲು ಹೋದೆ. ನಮ್ಮ ಮೇಷ್ಟ್ರು ಕೆಟ್ಟವರಲ್ಲ. ಪಟ್ಟಣದಿಂದ ಬಂದವರು, ಪಾಪ, ಚಳಿಗೆ ಎರಡು ಸ್ವೆಟರು ಹಾಕಿಕೊಂಡು ಪಾಠ ಮಾಡುತ್ತಿದ್ದರು. ಆ ಹೊಳಪು ಕೈಪಿಡಿಯನ್ನು ಬಿಡಿಸಿ ನನ್ನ ಮುಂದೆ ಹಿಡಿದರು.

'ಇಲ್ಲಿ ಸರ್ಕಾರವೇ ಬರೆದಿದೆ. ನೀನು ಸರ್ಕಾರಕ್ಕಿಂತ ದೊಡ್ಡವಳಾ?'

'ನಾನು ಆ ಮನೇಲೇ ಇರೋದು ಸಾರ್.'

'ಇದ್ರೆ ಏನಾಯ್ತು? ಒಳಗಿರೋರಿಗೆ ಇಂಥದ್ದೆಲ್ಲ ಗೊತ್ತಾಗಲ್ಲ. ಹೊರಗಿನವ್ರು ಬಂದು ನೋಡಿದಾಗಲೇ ಗೊತ್ತಾಗೋದು.'

ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ. ತಮ್ಮ ಕಚೇರಿಯ ಬಾಗಿಲ ಮೇಲೆ ಬರೆಸಿ ಹಾಕಿಕೊಳ್ಳಬಹುದಾದ ಮಾತು. ತಪ್ಪು ಒಪ್ಪಿಕೊಳ್ಳುವವರೆಗೆ ತರಗತಿಯ ಹೊರಗೆ ನಿಂತಿರು ಎಂದರು. ಒಪ್ಪಿಕೊಳ್ಳಬೇಕಾದ ತಪ್ಪು ನನ್ನಲ್ಲಿ ಇತ್ತು, ಆದರೆ ಅವರು ಕೇಳುತ್ತಿದ್ದದ್ದು ಅದಲ್ಲ. ಅದನ್ನು ಹೇಳಿದರೆ ಇಡೀ ಊರಿನ ಮುಂದೆ ಸುಳ್ಳಿ ಎನಿಸಿಕೊಳ್ಳಬೇಕು, ಹೇಳದಿದ್ದರೆ ಸತ್ಯ ಬರೆದದ್ದಕ್ಕೆ ಶಿಕ್ಷೆ ಅನುಭವಿಸಬೇಕು. ಗಂಟೆ ಹೊಡೆಯುವವರೆಗೂ ನಿಂತಿದ್ದೆ. ಆಮೇಲೆ ಎರಡು ಗಂಟೆಯ ಏರು ದಾರಿ ಹತ್ತಿ ಮನೆಗೆ ಹೋದವಳು ಮತ್ತೆ ಆ ಶಾಲೆಗೆ ಇಳಿಯಲಿಲ್ಲ. ಮನೆಯಲ್ಲಿ ಗಣಿತ ತಲೆಗೆ ಹತ್ತುವುದಿಲ್ಲ ಎಂದೆ. ಅಮ್ಮ ಇವತ್ತಿಗೂ ಗಣಿತವನ್ನೇ ಬೈಯುತ್ತಾಳೆ. ಈ ಪತ್ರದ ವಿಷಯ ಅವಳ ಕಿವಿಗೆ ಬಿದ್ದರೆ ಗಣಿತದ ಮೇಲಿನ ಅಪವಾದವೂ ಕಳೆಯುತ್ತದೆ.

ಓದು ಬಿಟ್ಟಿದ್ದಕ್ಕೆ ನಾನು ತಮ್ಮನ್ನು ದೂರುವುದಿಲ್ಲ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಇವತ್ತಲ್ಲ ನಾಳೆ ಬಿಡುತ್ತಿದ್ದೆನೇನೋ. ಬಿಟ್ಟ ಮೇಲೆ ಅಮ್ಮನ ತಮ್ಮ, ಊರಿಗೆ ಒಬ್ಬನೇ ಬಡಗಿಯಾದ ನನ್ನ ಮಾವನ ಹಿಂದೆ ಛಾವಣಿ ಹತ್ತುವುದನ್ನು ಕಲಿತೆ. ನನ್ನ ಮನಸ್ಸು ನಿಂತದ್ದು ಅಲ್ಲಿ, ಎರಡಾಳು ಎತ್ತರದಲ್ಲಿ, ಇಳಿಜಾರಿನಲ್ಲಿ. ಆದ್ದರಿಂದ ಛಾವಣಿಯ ಬಗ್ಗೆ ಮಾತಾಡುವ ಅರ್ಹತೆ ನನಗೆ ಇದೆ ಎಂದುಕೊಂಡಿದ್ದೇನೆ. ಒಳಗಿರುವವಳಾದರೂ.

ನಮ್ಮ ಛಾವಣಿಯ ಹಲಗೆಗಳಿಗೆ ಮೊಳೆ ಹೊಡೆಯುವುದಿಲ್ಲ. ಒಂದರ ಅಂಚಿನ ಮೇಲೆ ಇನ್ನೊಂದನ್ನು ಮೀನಿನ ಹುರುಪೆಯಂತೆ ಜೋಡಿಸಿ, ಮೇಲೆ ಕಲ್ಲು ಹೇರುತ್ತೇವೆ. ಮೊಳೆ ಯಾಕಿಲ್ಲ ಎಂದು ಯಾವ ಪ್ರವಾಸಿಯೂ ಕೇಳಿದ್ದಿಲ್ಲ, ತಮ್ಮ ಕಚೇರಿಯೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವು. ಪ್ರತಿ ವರ್ಷ ಫಸಲು ಮನೆ ಸೇರಿದ ಮೇಲೆ, ಹಿಮ ಬೀಳುವ ಮೊದಲು, ಕಲ್ಲುಗಳನ್ನೆಲ್ಲ ಕೆಳಗಿಳಿಸಿ ಒಂದೊಂದು ಹಲಗೆಯನ್ನೂ ಮಗುಚಿ ಹಾಕುತ್ತೇವೆ. ವರ್ಷವಿಡೀ ನೆನೆದ ಮೇಲ್ಮೈ ಒಳಗಾಗುತ್ತದೆ, ಒಲೆಯ ಹೊಗೆಗೆ ಒಣಗುತ್ತದೆ. ಒಣಗಿದ ಕೆಳಮೈ ಮಳೆಗೆ ಮುಖ ಕೊಡುತ್ತದೆ. ಎರಡೂ ಮೈ ಸವೆದ ಮೇಲೆ ತಲೆ ಕಾಲು ಬದಲಿಸಿ ಮತ್ತೆರಡು ಸರದಿ. ಒಂದು ಹಲಗೆಗೆ ಹೀಗೆ ನಾಲ್ಕು ಜನ್ಮ. ಇದಕ್ಕೆ ಊರಿನ ಎಲ್ಲ ಮನೆಯವರೂ ಕೂಡುತ್ತಾರೆ, ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ. ಕಲ್ಲು ಇಳಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತೇವೆ. ಇಡೀ ವರ್ಷದ ಚಾಡಿ, ಜಗಳ, ರಾಜಿ ಎಲ್ಲ ಆ ಸಾಲಿನಲ್ಲೇ ಮುಗಿಯುತ್ತವೆ. ನೂರಾರು ವರ್ಷ ನಿಜಕ್ಕೂ ನಡೆದು ಬಂದದ್ದು ಏನಾದರೂ ನಮ್ಮಲ್ಲಿದ್ದರೆ ಅದು ಇದೊಂದೇ.

ಅದನ್ನು ತಾವು ಮೂರು ವರ್ಷದ ಹಿಂದೆ ನಿಲ್ಲಿಸಿದಿರಿ. 'ಸದರಿ ಗ್ರಾಮದ ಛಾವಣಿಗಳ ಮೇಲಿರುವ ಪೂರ್ವಜ ಶಿಲೆಗಳನ್ನು ಯಾವುದೇ ಕಾರಣಕ್ಕೂ ಅವುಗಳ ಮೂಲ ಸ್ಥಾನದಿಂದ ಕದಲಿಸತಕ್ಕದ್ದಲ್ಲ.' ಮೂಲ ಸ್ಥಾನ! ನಮ್ಮ ಕಲ್ಲುಗಳ ಮೂಲ ಸ್ಥಾನ ಕೆಳಗಿನ ಹೊಳೆ. ಪ್ರತಿ ವರ್ಷ ಅವು ಇಳಿಯುತ್ತವೆ, ಹತ್ತುತ್ತವೆ, ಯಾವುದು ಎಲ್ಲಿತ್ತೆಂದು ಯಾರೂ ನೆನಪಿಡುವುದಿಲ್ಲ. ಈಗ ನಮ್ಮ ಮನೆಯ ಇಪ್ಪತ್ತೆರಡನೇ ಸಂಖ್ಯೆಯ ಪೂರ್ವಜರಾಗಿರುವವರು ಆದೇಶ ಬರುವ ಹಿಂದಿನ ವರ್ಷದವರೆಗೆ ಮೇಕೆ ಕೊಟ್ಟಿಗೆಯ ಬಾಗಿಲಿಗೆ ಒತ್ತಾಗಿದ್ದರು.

ಸಂಖ್ಯೆ ಎಲ್ಲಿಂದ ಬಂತೆಂದರೆ, ಆದೇಶದ ಹಿಂದೆಯೇ ತಾವು ಒಬ್ಬ ಪರಿವೀಕ್ಷಕರನ್ನು ಕಳಿಸಿದಿರಿ. ಸೊಂಟಕ್ಕೆ ಅಳತೆಪಟ್ಟಿ ಸಿಕ್ಕಿಸಿಕೊಂಡು ಬಂದಿದ್ದರಿಂದ ಊರವರು ಅವರಿಗೆ ಅಳತೆ ಸಾಹೇಬರು ಎಂದು ಹೆಸರಿಟ್ಟರು. ಅವರು ಒಂದು ವಾರ ಇದ್ದು ಪ್ರತಿ ಕಲ್ಲಿಗೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಸಿದರು. ಬಣ್ಣದ ಡಬ್ಬಿ ಹಿಡಿದು ಅವರ ಹಿಂದೆ ಛಾವಣಿ ಹತ್ತಿದವಳು ನಾನೇ. ಪ್ರತಿ ಸಂಖ್ಯೆ ಬರೆಯುವ ಮೊದಲು ಅವರು ಕೈ ಮುಗಿಯುತ್ತಿದ್ದರು. ಅರವತ್ತಮೂರು ಸಲ. ಬಾಯಿ ಬಿಡಬೇಕೆಂದು ನನಗೆ ಅರವತ್ತಮೂರು ಸಲವೂ ಅನಿಸಿತು, ಒಂದು ಸಲವೂ ಬಿಡಲಿಲ್ಲ. ಅದು ನನ್ನ ತಪ್ಪು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಪ್ರವಾಸಿಗರ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಅವರು ರಸ್ತೆ ಮುಗಿಯುವ ಸೇತುವೆಯ ಹತ್ತಿರ ಬಸ್ಸು ಇಳಿದು, ತಮ್ಮ ಚೀಲಗಳನ್ನು ನನ್ನ ಅಣ್ಣನ ಬೆನ್ನಿಗೆ ಕಟ್ಟಿ, ಎರಡು ಗಂಟೆ ಬೆಟ್ಟ ಹತ್ತುತ್ತಾರೆ. ಮೇಲೆ ಬಂದೊಡನೆ ಎರಡೂ ಕೈ ಚಾಚಿ, ಇಲ್ಲಿ ಬಂದ ಮೇಲೆ ಎಷ್ಟು ಹಗುರ ಅನಿಸುತ್ತಿದೆ ಎನ್ನುತ್ತಾರೆ. ಹೌದು ಸಾರ್, ಕೆಳಗಿಳಿಸಿದ ಮೇಲೆ ನನಗೂ ಹಾಗೇ ಅನ್ಸುತ್ತೆ ಎಂದು ಅಣ್ಣ ಬೆನ್ನಿನ ಹಗ್ಗ ಬಿಚ್ಚುತ್ತಾನೆ. ಫೋನಿಗೆ ಸಿಗ್ನಲ್ ಇಲ್ಲದ್ದನ್ನು ಹೊಗಳುತ್ತಾರೆ, ಆಮೇಲೆ ಅದನ್ನು ಎಲ್ಲರಿಗೂ ತಿಳಿಸಲು ಸಿಗ್ನಲ್ ಹುಡುಕಿಕೊಂಡು ಮೇಲಿನ ಬಂಡೆ ಹತ್ತುತ್ತಾರೆ. ಅಂಗಳದ ಪ್ಲಾಸ್ಟಿಕ್ ಬಕೆಟ್ಟನ್ನು ಚಿತ್ರ ತೆಗೆಯುವ ಮೊದಲು ಸ್ವಲ್ಪ ಪಕ್ಕಕ್ಕಿಡಿ ಎನ್ನುತ್ತಾರೆ. ನಾವು ಇಡುತ್ತೇವೆ. ಅವರ ಚಿತ್ರಗಳಲ್ಲಿ ನಾವು ನೀರನ್ನು ಯಾವುದರಲ್ಲಿ ತುಂಬಿಡುತ್ತೇವೆ ಎಂಬುದು ಇವತ್ತಿಗೂ ರಹಸ್ಯ.

ಕಳೆದ ಮಳೆಗಾಲದಲ್ಲಿ ಬಂದ ಒಬ್ಬರು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ಮಂತ್ರಮುಗ್ಧರಾದರು. ಸೋರುವ ಕಡೆಯಲ್ಲೆಲ್ಲ ನಾವು ಪಾತ್ರೆ ಇಟ್ಟಿದ್ದೆವು. ಹಾಸಿಗೆಯ ಸುತ್ತ ಏಳು, ತಲೆಯ ಹತ್ತಿರ ಒಂದು ಲೋಟ. ಪ್ರತಿ ಪಾತ್ರೆಯಲ್ಲೂ ನೀರಿನ ಮಟ್ಟ ಬೇರೆ, ಹನಿಯ ಸದ್ದೂ ಬೇರೆ. ಅವರು ಕಣ್ಣು ಮುಚ್ಚಿ ಕೂತು ಅರ್ಧ ಗಂಟೆ ಅದನ್ನು ಫೋನಿನಲ್ಲಿ ದಾಖಲಿಸಿಕೊಂಡರು. ಊರಿಗೆ ಹೋದ ಮೇಲೆ ಧ್ಯಾನಕ್ಕೆ ಹಚ್ಚಿಕೊಳ್ಳುತ್ತಾರಂತೆ. ಅಷ್ಟು ಹೊತ್ತು ಅಜ್ಜಿ ಕೆಮ್ಮು ತಡೆದು ಕೂತಿದ್ದಳು. ಹೋಗುವಾಗ ಅವರು ಅಜ್ಜಿಯ ಕೈ ಹಿಡಿದು, ನಿಮಗೆ ಬದುಕಿನಲ್ಲಿ ಇನ್ನೇನೂ ಬೇಡ ಅಲ್ಲವೇ ಎಂದು ಕೇಳಿದರು. ನಾಲ್ಕು ತಗಡು ಬೇಕಿತ್ತು ಎಂದಳು ಅಜ್ಜಿ. ಅವರು ಬಿದ್ದು ಬಿದ್ದು ನಕ್ಕರು. ಬೆಟ್ಟದ ಜನರ ಹಾಸ್ಯಪ್ರಜ್ಞೆ ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಎಲ್ಲರೂ ಹಾಗಲ್ಲ. ಒಬ್ಬ ವಯಸ್ಸಾದ ಡಾಕ್ಟರು ಬಂದಿದ್ದರು. ಅಜ್ಜಿಯ ಮಂಡಿ ನೋಡಿ ಮಾತ್ರೆ ಕೊಟ್ಟು, ಗೋಡೆಗೆ ಅಂಗೈ ಒತ್ತಿ ಹಿಡಿದು, ಈ ತೇವದಲ್ಲಿ ಇವರನ್ನು ಇನ್ನೊಂದು ಚಳಿಗಾಲ ಮಲಗಿಸಬೇಡಿ ಎಂದರು. ಒಂದೂ ಚಿತ್ರ ತೆಗೆಯಲಿಲ್ಲ. ಅವರು ನಮ್ಮೂರಿಗೆ ಬಂದಿದ್ದರು ಎಂಬುದಕ್ಕೆ ಆ ಮಾತ್ರೆಯ ಖಾಲಿ ಪಟ್ಟಿಯೊಂದೇ ಸಾಕ್ಷಿ.

ಮೂರು ವರ್ಷ ಮಗುಚದ ಹಲಗೆ ಏನಾಗುತ್ತದೆ ಎಂದು ತಿಳಿಯಲು ತಾವು ಬೆಟ್ಟ ಹತ್ತಬೇಕಾಗಿಲ್ಲ. ನೆನೆದ ಬ್ರೆಡ್ಡನ್ನು ಬೆರಳಲ್ಲಿ ಒತ್ತಿ ನೋಡಿ. ಎರಡು ತಿಂಗಳ ಹಿಂದೆ ಬಡಗಿ ಮಾವ ತಡೆಯಲಾರದೆ ತನ್ನ ಮನೆಯ ಒಂದು ಬದಿಯ ಹಲಗೆಗಳನ್ನಷ್ಟೇ ಮಗುಚಿ ಹಾಕಿದ. ಯಾರೋ ಪ್ರವಾಸಿ ಅದರ ಚಿತ್ರ ತೆಗೆದು ತಮಗೆ ದೂರು ಕಳಿಸಿದರಂತೆ, ಸ್ಥಳೀಯರೇ ತಮ್ಮ ಪರಂಪರೆಯನ್ನು ಹಾಳುಗೆಡವುತ್ತಿದ್ದಾರೆ ಎಂದು. ಅಳತೆ ಸಾಹೇಬರು ಓಡಿ ಬಂದರು. ನಲವತ್ತು ವರ್ಷ ಛಾವಣಿ ಕೆಲಸ ಮಾಡಿದ ಮಾವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಹಿರಿಯರ ಮೇಲೆ ಗೌರವ ಇಲ್ವೇನ್ರೀ ನಿಮಗೆ ಎಂದು ಗದರಿದರು.

'ಇದೆ ಸಾಹೇಬ್ರೆ,' ಎಂದ ಮಾವ. 'ಅದಕ್ಕೇ ಅವರು ಹೇಳಿಕೊಟ್ಟ ಹಾಗೆ ಮಗುಚಿದೆ.'

ಇನ್ನೊಮ್ಮೆ ಹೀಗಾದರೆ ಇಡೀ ಊರಿನ ಹೆಸರನ್ನು ಪಾರಂಪರಿಕ ಗ್ರಾಮಗಳ ಪಟ್ಟಿಯಿಂದ ತೆಗೆಯಲಾಗುವುದು, ಚೀಲ ಹೊರುವವರ ಗುರುತಿನ ಚೀಟಿಗಳನ್ನು ರದ್ದು ಮಾಡಲಾಗುವುದು ಎಂದು ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಮಾವ ಅವತ್ತಿನಿಂದ ತನ್ನ ಛಾವಣಿಯ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟಿದ್ದಾನೆ. ಆದರೆ ನಾನು ಕರೆದಾಗ ನಮ್ಮ ಅಟ್ಟ ಹತ್ತಿದ. ಅದೇ ನೀಲಿ ಟಾರ್ಚನ್ನು ಕೊಟ್ಟೆ. ಅಜ್ಜಿಯ ಹಾಸಿಗೆಯ ನೇರಕ್ಕಿರುವ ತೊಲೆಯನ್ನು ಉದ್ದಕ್ಕೂ ನೋಡಿದ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಬಿರುಕಿನೊಳಗೆ ನನ್ನ ಕಿರುಬೆರಳು ಪೂರ್ತಿ ಹೋಯಿತು. 'ಹಲಗೆ ಕೊಳೆತು ನೀರೆಲ್ಲ ಇದರೊಳಗೆ ಇಳಿದಿದೆ. ಮೇಲೆ ಕಲ್ಲಿನ ಭಾರ ಬೇರೆ. ಇದು ಈ ಸಲದ ಹಿಮ ಹೊರಲ್ಲ ಮಗಾ,' ಎಂದ. ಕಲ್ಲು ಇಳಿಸಿ, ತೊಲೆಗೆ ಆಸರೆ ಕೊಟ್ಟು, ಹಲಗೆ ಮಗುಚಿದರೆ ಎಷ್ಟು ದಿನದ ಕೆಲಸ ಎಂದೆ. ಜನ ಕೂಡಿದರೆ ನಾಲ್ಕು ದಿನ ಎಂದ. ಹಿಮಕ್ಕೆ ಆಗ ಐದು ವಾರ ಇತ್ತು.

ಹೀಗಾಗಿ ಕಾನೂನಿನ ದಾರಿಯಲ್ಲೇ ಹೋಗೋಣವೆಂದು ಸೇತುವೆಯ ಪಕ್ಕದ ತಮ್ಮ ಶಾಖೆಗೆ ಇಳಿದೆ. ಮೂರು ಸಲ. ಮೊದಲ ಸಲ ಬಾಗಿಲು ಹಾಕಿತ್ತು. ಎರಡನೇ ಸಲ ಅಲ್ಲಿದ್ದ ಗುಮಾಸ್ತರು ಇದಕ್ಕೊಂದು ನಮೂನೆ ಇರಬೇಕು, ತರಿಸುತ್ತೇನೆ ಎಂದರು. ಮೂರನೇ ಸಲ ನಮೂನೆ ಸಿಕ್ಕಿತು. ಅದರಲ್ಲಿ ಮೂರು ಕಾಲಂ. ಒಂದು, ಕದಲಿಸಲು ಉದ್ದೇಶಿಸಿರುವ ಶಿಲೆಯ ಸಂಖ್ಯೆ. ಎರಡು, ಕದಲಿಸಲು ಕಾರಣ. ಮೂರು, ಶಿಲೆಯಲ್ಲಿ ನೆಲೆಸಿರುವ ಪೂರ್ವಜರ ಹೆಸರು ಮತ್ತು ಅರ್ಜಿದಾರರೊಂದಿಗೆ ಅವರ ಸಂಬಂಧ. ಇದು ಯಾರ ತಲೆಯಿಂದ ಬಂದದ್ದೋ ಗೊತ್ತಿಲ್ಲ. ನನಗಿಂತ ಪ್ರತಿಭಾವಂತರು ತಮ್ಮ ಕಚೇರಿಯಲ್ಲಿದ್ದಾರೆ ಎಂಬುದು ಖಚಿತ. ನಾನು ಹಿರಿಯರನ್ನು ಕಲ್ಲಿನಲ್ಲಿ ಕೂರಿಸಿದ್ದೆ ಅಷ್ಟೆ. ಅವರಿಗೆ ವಿಳಾಸ ಕೊಟ್ಟವರು ತಾವು.

ನಮೂನೆ ತುಂಬಲು ಅಜ್ಜಿಯ ಹಾಸಿಗೆಯ ಮೇಲೆ ಕೂತೆವು. ಅಜ್ಜಿಗೆ ಬಹಳ ಉತ್ಸಾಹ. ಒಂದನೇ ಸಂಖ್ಯೆ, ಅಂದರೆ ತುದಿಯಲ್ಲಿರುವ ಎಲ್ಲಕ್ಕಿಂತ ದಪ್ಪ ಕಲ್ಲು, ತನ್ನ ಅತ್ತೆ ಎಂದಳು. ಎಷ್ಟು ವರ್ಷ ತಲೆಯ ಮೇಲೆ ಕೂತಿದ್ದಳೋ ನಿನಗೇನು ಗೊತ್ತು, ಬರಿ ಎಂದಳು. ಎರಡನೆಯದು ಆ ಅತ್ತೆಯ ಗಂಡ, ಅದರ ಪಕ್ಕದ ಚಪ್ಪಟೆ ಕಲ್ಲು ಸದಾ ಮಲಗಿಯೇ ಇರುತ್ತಿದ್ದ ಮೈದುನ. ಹದಿನಾರರವರೆಗೆ ನಿಲ್ಲದೆ ಹೇಳಿದಳು, ನಾನು ನಿಲ್ಲದೆ ಬರೆದೆ. ಹದಿನೇಳಕ್ಕೆ ಬಂದಾಗ ತಲೆ ಎತ್ತಿ ಸೂರಿನ ಕಡೆ ನೋಡಿದಳು.

'ಅದು ನಿಮ್ಮ ತಾತ ಹೊಳೆಯಿಂದ ಹೊತ್ತು ತಂದಿದ್ದು,' ಎಂದಳು ಆಮೇಲೆ. 'ನಾನು ಈ ಮನೆಗೆ ಬಂದ ವರ್ಷ. ಗಾಳಿಗೆ ಮೂಲೆ ಹಲಗೆ ಹಾರಿಹೋಯ್ತು, ನಾನು ಹೆದರಿ ಅತ್ತುಬಿಟ್ಟೆ. ಬೆಳಗ್ಗೆ ಇಳಿದು ಹೋದವರು ಮಧ್ಯಾಹ್ನದ ಹೊತ್ತಿಗೆ ಇದನ್ನ ಬೆನ್ನ ಮೇಲೆ ಹಾಕ್ಕೊಂಡು ಬಂದ್ರು. ಅಷ್ಟು ದೊಡ್ಡದು ಬೇಕಾಗಿರ್ಲಿಲ್ಲ.'

ಹಾಗೇ ಬರೆಯಲೇ ಎಂದೆ.

'ಬೇಡ. ಅವ್ರು ಕೇಳಿರೋದು ಸತ್ತವರದ್ದು. ಇದು ಬದುಕಿದ್ದಾಗಿನದು. ಅದಕ್ಕೆ ಇದರಲ್ಲಿ ಜಾಗ ಎಲ್ಲಿದೆ?'

ಆ ಒಂದು ನಿಜದ ಕಲ್ಲಿನ ಪಕ್ಕದಲ್ಲಿ ಹದಿನಾರು ಸುಳ್ಳು ಕಲ್ಲುಗಳನ್ನು ನಾನೇ ನನ್ನ ಕೈಬರಹದಲ್ಲಿ ಇಟ್ಟಿದ್ದೆ. ಪೆನ್ನು ಕೆಳಗಿಟ್ಟು, ಅಜ್ಜೀ, ಇದೆಲ್ಲ ನಾನು ಕಟ್ಟಿದ ಕಥೆ, ಟೋಪಿ ಅಕ್ಕನಿಗೆ ಹೇಳಿದ್ದು ನಾನೇ ಎಂದೆ. ಅಜ್ಜಿ ನನ್ನನ್ನು ನೋಡಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

'ಗೊತ್ತು. ಅವತ್ತು ನಾನು ಬಾಗಿಲ ಹಿಂದೆ ಆಲೂಗಡ್ಡೆ ಆರಿಸ್ತಾ ಕೂತಿದ್ದೆ. ಎಲ್ಲ ಕೇಳಿಸ್ಕೊಂಡೆ.'

'ಮತ್ತೆ ಯಾಕೆ ಸುಮ್ನಿದ್ದೆ?'

'ಆಯಮ್ಮನ ಮುಖ ನೋಡಿದೆ. ಅಷ್ಟು ದೂರದಿಂದ ನಡ್ಕೊಂಡು ಬಂದವಳಿಗೆ ಬರೀ ಗಾಳಿ ಅಂತ ಹೇಳಿ ಕಳಿಸೋದು ಚೆನ್ನಾಗಿರುತ್ತಾ? ಹೋಗ್ತಾಳೆ, ಮರೀತಾಳೆ ಅಂದ್ಕೊಂಡೆ.' ಕಂಬಳಿಯನ್ನು ಕಾಲ ಮೇಲೆ ಎಳೆದುಕೊಂಡು ಹೇಳಿದಳು, 'ಅವಳು ಮರೆಯೋ ಜಾತಿ ಅಲ್ಲ ಅಂತ ನನಗೇನು ಗೊತ್ತಿತ್ತು.'

ಮಾನ್ಯರೇ, ಇದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಬಂದವರನ್ನು ನಿರಾಸೆಯಿಂದ ಕಳಿಸಬಾರದು ಎಂದು ಅವರಿಗೆ ಬೇಕಾದುದನ್ನು ಹೇಳಿ, ಅವರು ಅದನ್ನು ನಂಬಿ ನಮಗೇ ಕಾನೂನು ಮಾಡಿ ಹಿಂದಕ್ಕೆ ಕಳಿಸುವವರೆಗೆ ಸುಮ್ಮನಿರುವುದು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಒಬ್ಬ ಹುಡುಗಿಯ ಮಾತಿನ ಮೇಲೆ ಒಂದು ಊರಿನ ಛಾವಣಿಗೆ ಬೀಗ ಹಾಕುವ ಮೊದಲು, ಆ ಛಾವಣಿಯನ್ನು ಕಟ್ಟುವ ಬಡಗಿಯನ್ನು ಒಮ್ಮೆ ಮಾತಾಡಿಸಬೇಕು ಎಂದು ತಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಅಥವಾ ಬಡಗಿ ಬರೀ ಗಾಳಿ ಎಂದುಬಿಟ್ಟರೆ ಕೈಪಿಡಿಯ ನಾಲ್ಕು ಪುಟ ಖಾಲಿಯಾಗುತ್ತದೆ ಎಂಬ ಭಯವೇ?

ಈ ಪತ್ರ ಬರೆಯುತ್ತೇನೆ ಎಂದಾಗ ಊರಿನಲ್ಲಿ ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಪ್ರವಾಸಿಗರಿಗೆ ಮೂರು ಕೋಣೆ ಬಾಡಿಗೆಗೆ ಕೊಡುವ ದೊಡ್ಡಮ್ಮ, 'ಬರಿ ತಾಯಿ, ಬರಿ. ನೀನು ಸತ್ಯವಂತೆ ಅನ್ನಿಸ್ಕೋ, ನಾನು ಮೂರು ಖಾಲಿ ರೂಮು ಗುಡಿಸ್ತಾ ಕೂರ್ತೀನಿ,' ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಕೈಪಿಡಿಯ ಕಥೆ ಸುಳ್ಳೆಂದು ತಿಳಿದರೆ ಬರುವವರು ಕಡಿಮೆಯಾಗಬಹುದು, ಅಣ್ಣನ ಬೆನ್ನಿಗೆ ಕೆಲಸ ಕಡಿಮೆಯಾಗಬಹುದು. ಅದು ನನಗೆ ತಿಳಿಯದ ವಿಷಯವಲ್ಲ. ಆದರೆ ಹಾಗೆ ಬೈದ ದೊಡ್ಡಮ್ಮನೇ ಮಾರನೇ ದಿನ ನನ್ನನ್ನು ತನ್ನ ಅಟ್ಟಕ್ಕೆ ಹತ್ತಿಸಿದಳು. ಹಲಗೆಗಳು ಕಪ್ಪಾಗಿ ಬೂಷ್ಟು ಹಿಡಿದಿದ್ದವು. ಚಿತ್ರದಲ್ಲಿ ಚೆನ್ನಾಗಿ ಕಾಣಲಿ ಎಂದು ಹನ್ನೊಂದು ಹೆಚ್ಚಿನ ಕಲ್ಲುಗಳನ್ನು ತಾನೇ ಇಟ್ಟಿದ್ದೆ, ಅವಕ್ಕೂ ಸಂಖ್ಯೆ ಬಿದ್ದಿದೆ, ಈಗ ತೆಗೆಯುವಂತಿಲ್ಲ, ತೊಲೆ ಬಗ್ಗುತ್ತಿದೆ ಎಂದು ಪಿಸುಗುಟ್ಟಿದಳು.

'ಇದನ್ನ ಮಾತ್ರ ಬರೀಬೇಡ.'

'ಬರೀತೀನಿ ದೊಡ್ಡಮ್ಮ.'

'ಗೊತ್ತು. ಅದಕ್ಕೇ ಹೇಳಿದ್ದು,' ಎಂದು ಏಣಿ ಇಳಿದಳು.

ಆದ್ದರಿಂದ ನನ್ನ ಬೇಡಿಕೆ ಇದು. ಕಲ್ಲು ಕದಲಿಸಬಾರದು ಎಂಬ ಆ ಒಂದು ಸಾಲನ್ನು ಹೊಡೆದುಹಾಕಿ. ಹಿಮಕ್ಕೆ ಇನ್ನು ಮೂರು ವಾರ ಇದೆ. ಆದೇಶ ಈ ವಾರ ಬಂದರೆ ಅಜ್ಜಿಯ ಕೋಣೆಯೂ ಉಳಿಯುತ್ತದೆ, ದೊಡ್ಡಮ್ಮನ ಅಟ್ಟವೂ ಉಳಿಯುತ್ತದೆ. ಕೈಪಿಡಿ ಬಡವಾಗುತ್ತದೆ ಎಂಬ ಚಿಂತೆ ಬೇಡ. ಕಲ್ಲು ಇಳಿಸುವ ದಿನಗಳಲ್ಲಿ ಪ್ರವಾಸಿಗರನ್ನು ಕಳಿಸಿ. ಸಾಲಿನಲ್ಲಿ ಒಬ್ಬೊಬ್ಬರಿಗೂ ಜಾಗ ಕೊಡುತ್ತೇವೆ. ಹೊಳೆಯಿಂದ ಬಂದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಒಂದು ಸಂಜೆ ಸೊಂಟ ಹಿಡಿದುಕೊಂಡು ಕೂತರೆ, ಅವರಿಗೆ ಬರೆಯಲು ಏನಾದರೂ ಸಿಕ್ಕೀತು. ಅದು ಸುಳ್ಳೂ ಆಗಿರುವುದಿಲ್ಲ. ಯಾರಿಗಾದರೂ ಅಳು ಬಂದರೆ ಅದಕ್ಕೂ ನಮ್ಮ ಅಡ್ಡಿ ಇಲ್ಲ.

ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ಮಾವನ ಕಾಗದವನ್ನು ಹರಿದುಹಾಕಿ, ಅಣ್ಣನ ಗುರುತಿನ ಚೀಟಿಯನ್ನು ಮುಟ್ಟಬೇಡಿ. ನಮೂನೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಮೂರನೇ ಕಾಲಂನಲ್ಲಿ ಬರೆದಿದ್ದ ಹದಿನಾರು ಹೆಸರುಗಳನ್ನು ಹೊಡೆದು ಹಾಕಿದ್ದೇನೆ. ಎರಡನೇ ಕಾಲಂನಲ್ಲಿ ಅರವತ್ತಮೂರು ಸಲವೂ ಒಂದೇ ಕಾರಣ ಬರೆದಿದ್ದೇನೆ: ಗಾಳಿಗೆ ಇಟ್ಟದ್ದು, ಹಲಗೆ ಮಗುಚಲು ತೆಗೆಯಬೇಕಾಗಿದೆ. ಇದಕ್ಕೂ ಸೊನ್ನೆ ಕೊಡುವುದಾದರೆ ಈ ಸಲ ಹೊರಗೆ ನಿಂತು ಸುಮ್ಮನೆ ಮನೆಗೆ ಹೋಗುವವಳಲ್ಲ.

ಇಂತಿ,
ತಮ್ಮ ಸಾವಿರ ವರ್ಷದ ಪರಂಪರೆಯನ್ನು ಹನ್ನೊಂದನೇ ವಯಸ್ಸಿನಲ್ಲಿ ಸ್ಥಾಪಿಸಿ, ಅದೇ ಪ್ರಶ್ನೆಗೆ ಒಂಬತ್ತನೇ ತರಗತಿಯಲ್ಲಿ ಸೊನ್ನೆ ತೆಗೆದುಕೊಂಡ ಛಾವಣಿ ಕೆಲಸದವಳು

ವಿ.ಸೂ.: ಉತ್ತರವನ್ನು ಈ ಊರಿನ ವಿಳಾಸಕ್ಕೆ ಕಳಿಸಬೇಡಿ. ಅಮ್ಮ ಕೆಳಗಿನ ಪಟ್ಟಣದಲ್ಲಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಂಗಡಿಯ ಮೇಲೆಯೇ ಒಂದು ಕೋಣೆ ಇದೆ. ಆದೇಶ ಬರುವವರೆಗೆ ಅಜ್ಜಿ ಅಲ್ಲಿರುತ್ತಾಳೆ, ಉತ್ತರವನ್ನೂ ಅಲ್ಲಿಗೇ ಕಳಿಸಿ. ಅಲ್ಲಿ ಸೋರುತ್ತದೆಯೇ ಎಂದು ಅಜ್ಜಿ ನನ್ನನ್ನು ಮೇಲಿನ ಬಂಡೆಗೆ ಹತ್ತಿಸಿ ಫೋನಿನಲ್ಲಿ ಕೇಳಿಸಿದಳು, ಮೇಲೆ ಇನ್ನೆರಡು ಮನೆಗಳಿವೆ, ಸೋರುವುದಿಲ್ಲ ಎಂದಳು ಅಮ್ಮ. ಅಣ್ಣ ಪ್ರವಾಸಿಗರ ಚೀಲ ಹೊರುವ ಕುರ್ಚಿಯಂಥ ಚೌಕಟ್ಟಿಗೆ ಕಂಬಳಿ ಸುತ್ತಿ ಇಟ್ಟಿದ್ದಾನೆ, ಅಜ್ಜಿಯನ್ನು ಅದರಲ್ಲೇ ಕೂರಿಸಿ ಬೆನ್ನ ಮೇಲೆ ಹೊತ್ತು ಇಳಿಸುತ್ತಾನೆ. ದಾರಿಯಲ್ಲಿ ಯಾರಾದರೂ ಅದರ ಚಿತ್ರ ತೆಗೆದು ಇದೊಂದು ಪುರಾತನ ಸಂಪ್ರದಾಯ ಎಂದು ತಮಗೆ ಕಳಿಸಿದರೆ ನಂಬಬೇಡಿ. ನಾಳೆ ಬೆಳಿಗ್ಗೆ ಅಜ್ಜಿ, ಅಣ್ಣ, ನಾನು ಮೂವರೂ ಹೊರಡುತ್ತೇವೆ.